ಪಡಸಾಲೆಯ ಟ್ರಂಕು



ಇಂದು ನಾನು ಆಡಬೇಕಾದ ಮಾತಿಗೆ ನಮ್ಮ ಕಡೆ ಹೆಸರುಗಳು ಬಹಳ. ಹೊರಗಾಗ್ಯಾಳ ಅನ್ನುತ್ತಾರೆ, ಕಡಿಗಾಗ್ಯಾಳ ಅನ್ನುತ್ತಾರೆ, ಮಂದಿ ಮುಂದೆ ಕೇಳಿದರೆ ಹೊಟ್ಟಿ ನೋವು ಅಂದು ಸುಮ್ಮನಾಗುತ್ತಾರೆ. ಮೊದಲ ಸಲವಾದರೆ ದೊಡ್ಡಾಕಿ ಆದಳು ಎಂದು ಆರತಿ ಮಾಡಿ, ಉಡಿ ತುಂಬಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ಅದರ ಮುಂದಿನ ತಿಂಗಳಿನಿಂದ ಆ ಮಾತು ಮನೆಯೊಳಗೆ ಇಲ್ಲ. ನಾನು ಇಂದು ಮುಟ್ಟು ಎಂದೇ ಹೇಳುತ್ತೇನೆ. ನೀವು ರೊಟ್ಟಿ ಬಡಿಯುತ್ತ ಕೇಳುತ್ತಿರಬಹುದು, ಹೊಲದ ಬದುವಿನ ಮೇಲೆ ಕುಳಿತು ಕೇಳುತ್ತಿರಬಹುದು. ಮನೆಯ ಗಂಡಸರು ಪಕ್ಕದಲ್ಲಿದ್ದರೆ ದಯವಿಟ್ಟು ರೇಡಿಯೋದ ದನಿ ಸಣ್ಣ ಮಾಡಬೇಡಿ.

ನಾನು ಇಪ್ಪತ್ತೆಂಟು ವರ್ಷ ಸಾಲಿ ಕಲಿಸಿದವಳು. ಕುಂದಗೋಳ ತಾಲ್ಲೂಕಿನಲ್ಲಿ ಕೆಲವು ವರ್ಷ, ಕಲಘಟಗಿಯಲ್ಲಿ ಕೆಲವು ವರ್ಷ, ಕೊನೆಗೆ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆಣ್ಣಿಹಳ್ಳದ ದಂಡೆಯ ಊರು, ಸುತ್ತ ಎರೆ ಹೊಲ. ಕೊರೊನಾ ಬಂದಾಗ ನಾನು ಅಲ್ಲಿದ್ದೆ. ಆ ಒಂದೂವರೆ ವರ್ಷದಲ್ಲಿ ನಮ್ಮ ಹುಡುಗಿಯರಿಂದ ಕಳೆದುಹೋದದ್ದು ಏನು, ಅದರಲ್ಲಿ ಕೈಗೆ ಸಿಕ್ಕಿದ್ದು ಎಷ್ಟು ಎಂಬುದನ್ನು ಹೇಳುವುದಕ್ಕೆ ಬಂದಿದ್ದೇನೆ.

2020ರ ಮಾರ್ಚ್ ತಿಂಗಳ ನಡುವೆ ಶಾಲೆಗಳು ಮುಚ್ಚಿದವು. 25ನೇ ತಾರೀಖಿನಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ ಹೊತ್ತಿಗೆ ಜಗತ್ತಿನ 190 ದೇಶಗಳಲ್ಲಿ 150 ಕೋಟಿಗಿಂತ ಹೆಚ್ಚು ವಿದ್ಯಾರ್ಥಿಗಳ ಶಾಲೆ, ಕಾಲೇಜು ಮುಚ್ಚಿದ್ದವು ಎಂದು ಯುನೆಸ್ಕೊ ಲೆಕ್ಕ ಹಾಕಿತು. ಅಷ್ಟು ದೊಡ್ಡ ಸಂಖ್ಯೆ ನನ್ನ ತಲೆಯೊಳಗೆ ಕೂಡುವುದಿಲ್ಲ. ನನ್ನ ಲೆಕ್ಕ ನನ್ನ ಹಾಜರಿ ಪುಸ್ತಕದಷ್ಟು. ಆರು, ಏಳು, ಎಂಟನೇ ತರಗತಿ ಸೇರಿ ಮೂವತ್ತೊಂದು ಹುಡುಗಿಯರು.

ಸಾಲಿ ಮುಚ್ಚಿತು ಅಂದಾಗ ಎಲ್ಲರೂ ಪಾಠದ ಚಿಂತೆ ಮಾಡಿದರು. ನಾನೂ ಅದನ್ನೇ ಮಾಡಿದೆ. ಆ ಬಾಗಿಲಿನ ಹಿಂದೆ ಇನ್ನೂ ಏನೇನು ಉಳಿಯಿತು ಎಂದು ತಿಳಿಯಲು ನನಗೆ ಐದು ತಿಂಗಳು ಹಿಡಿಯಿತು. ನಮ್ಮ ರಾಜ್ಯದಲ್ಲಿ ಶುಚಿ ಎಂಬ ಯೋಜನೆ 2013-14ರಲ್ಲಿ ಶುರುವಾಗಿತ್ತು. ಹತ್ತರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಿಗೆ ತಿಂಗಳಿಗೆ ಹತ್ತು ಪ್ಯಾಡಿನ ಒಂದು ಪೊಟ್ಟಣ, ಬಿಟ್ಟಿ. ಬರುತ್ತಿದ್ದದ್ದು ಸಾಲಿಯ ಮೂಲಕ. ಮಕ್ಕಳಿಗೆ ರಕ್ತ ಕಡಿಮೆಯಾಗದಿರಲೆಂದು ವಾರಕ್ಕೊಂದು ನೀಲಿ ಗುಳಿಗೆ, ಕಬ್ಬಿಣಾಂಶದ್ದು, ಅದೂ ಸಾಲಿಯಲ್ಲೇ. ಮಧ್ಯಾಹ್ನದ ಬಿಸಿಯೂಟ ಸಾಲಿಯಲ್ಲಿ. ಬಾಗಿಲಿಗೆ ಚಿಲಕವಿರುವ ಪಾಯಖಾನೆ, ಅದೂ ಎಷ್ಟೋ ಹುಡುಗಿಯರಿಗೆ ಸಾಲಿಯಲ್ಲಿ ಮಾತ್ರ. ಮನೆಯಲ್ಲಿ ಕಟ್ಟಿಸಿದ್ದು ಇರುತ್ತದೆ, ಒಳಗೆ ಕುಳ್ಳು, ಕಟ್ಟಿಗೆ ಒಟ್ಟಿರುತ್ತಾರೆ. ಇಷ್ಟೆಲ್ಲ ಒಂದೇ ಬೀಗದ ಒಳಗೆ ಸಿಕ್ಕಿಕೊಂಡಿತ್ತು.

ಹತ್ತು ಪ್ಯಾಡು ಸಾಕಾಗುತ್ತಿತ್ತೇ ಎಂದು ಕೇಳಿದರೆ, ಸಾಕಾಗುತ್ತಿರಲಿಲ್ಲ. ಆರರಿಂದ ಎಂಟು ತಾಸಿಗೊಮ್ಮೆ ಬದಲಾಯಿಸಬೇಕು; ಐದು ದಿನವೆಂದರೆ ಹದಿನೈದಾದರೂ ಬೇಕು. ಹುಡುಗಿಯರು ಅದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಸಾಲಿಗೆ ಬರುವಾಗ ಪ್ಯಾಡು, ಮನೆಯಲ್ಲಿ ಅವ್ವನ ಹಳೆ ಸೀರೆಯ ಅರಿವೆ. ಅಂದರೆ ಪ್ಯಾಡು ಅವರ ಪಾಲಿಗೆ ಸಾಲಿಯ ಸಮವಸ್ತ್ರದಲ್ಲೇ ಒಂದು. ಸಾಲಿ ಇಲ್ಲದಿದ್ದರೆ ಅದೂ ಇಲ್ಲ ಎಂದು ಮನೆಯವರಿಗೂ ಸಹಜವಾಗಿ ಕಂಡಿತು.

ಅಂಗಡಿಯಲ್ಲಿ ಕೊಳ್ಳಬಹುದಿತ್ತಲ್ಲ ಎನ್ನುವವರಿದ್ದಾರೆ. 2018ರ ಜುಲೈಯಲ್ಲಿ ಪ್ಯಾಡಿನ ಮೇಲಿನ ಜಿಎಸ್‌ಟಿ ತೆಗೆದುಹಾಕಿದರು. 2019ರ ಆಗಸ್ಟ್‌ನಿಂದ ಜನೌಷಧಿ ಅಂಗಡಿಗಳಲ್ಲಿ ಒಂದು ರೂಪಾಯಿಗೆ ಒಂದು ಪ್ಯಾಡು ಸಿಗತೊಡಗಿತು. ಸರಿಯಾದ ಕೆಲಸಗಳು ಅವು. ಆದರೆ ಬಸ್ಸೇ ಇಲ್ಲದ ದಿನಗಳಲ್ಲಿ ಹದಿಮೂರು ವರ್ಷದ ಹುಡುಗಿ ಪೇಟೆಯ ಔಷಧಿ ಅಂಗಡಿಗೆ ಹೇಗೆ ಹೋಗಬೇಕು? ದಿಗ್ಬಂಧನದ ಮೊದಲ ದಿನಗಳಲ್ಲಿ ಸ್ಯಾನಿಟರಿ ಪ್ಯಾಡು ಅಗತ್ಯ ವಸ್ತುವೋ ಅಲ್ಲವೋ ಎಂಬುದೇ ಸ್ಪಷ್ಟವಿರಲಿಲ್ಲ. ಹೌದು, ಅಗತ್ಯ ವಸ್ತುವೇ ಎಂದು ಕೇಂದ್ರ ಗೃಹ ಕಾರ್ಯದರ್ಶಿಯವರ ಪತ್ರ ಬಂದದ್ದು ಮಾರ್ಚ್ 29ಕ್ಕೆ. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಪ್ಯಾಡು ಇರುತ್ತಿತ್ತು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ, ಕೆಲಸವಿಲ್ಲದೆ ಊರಿಗೆ ಮರಳಿದ ಹುಡುಗರೂ ಇರುತ್ತಿದ್ದರು. ದಿನವಿಡೀ.

ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಶುರುವಾದವು. ಯಾರು ನೋಡಿದರು ಎಂದು ಫೋನು ಮಾಡಿ ಕೇಳುತ್ತಿದ್ದೆವು. ಹುಡುಗರ ಮನೆಯಲ್ಲಿ ಹುಡುಗನೇ ಫೋನು ಎತ್ತುತ್ತಿದ್ದ. ಹುಡುಗಿಯರ ಮನೆಯಲ್ಲಿ ಅವ್ವ ಎತ್ತಿ, "ಕಸಾ ತಗಿಯಾಕ ಹೋಗ್ಯಾಳ್ರಿ ಅಕ್ಕೋರ" ಅನ್ನುತ್ತಿದ್ದಳು. ಆಗಸ್ಟ್ ಬಂದರೆ ಹೆಸರು ಬಿಡಿಸುವುದು. ದೀಪಾವಳಿ ಮುಗಿದರೆ ಹತ್ತಿ. ಆಮೇಲೆ ಮೆಣಸಿನಕಾಯಿ, ಆಮೇಲೆ ಕಡಲೆ. ನಮ್ಮ ಸೀಮೆಯ ಹೊಲದ ಕೆಲಸದ ಪಂಚಾಂಗ ನೋಡಿದರೆ ಹುಡುಗಿಯ ಕೈ ಎಂದೂ ಖಾಲಿ ಇರಬೇಕಾಗಿಲ್ಲ. ಸಾಲಿಯ ಗಂಟೆ ಮಾತ್ರ ಆ ಕೈಯನ್ನು ಬಿಡಿಸಿಕೊಂಡು ಬರುತ್ತಿತ್ತು.

ಮೆಣಸಿನಕಾಯಿ ಎಂದಾಗ ಒಂದು ಮಾತು ನೆನಪಾಗುತ್ತದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಕುಂದಗೋಳ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಆಗ ಒಂಬತ್ತನೇತ್ತೆ, ಆ ಚಳಿಗಾಲದಲ್ಲಿ ಫೋನು ಮಾಡಿದ್ದಳು. ಏನೇನೋ ಮಾತಾಡಿ ಕೊನೆಗೆ ದನಿ ಇಳಿಸಿದಳು. "ಅಕ್ಕೋರ, ಕಾಯಿ ಹರಿಯೋ ದಿನಾನ ಹೊರಗಾದ್ರ ಭಾಳ ತ್ರಾಸ ಆಗತೈತ್ರಿ. ಎಷ್ಟು ತೊಳದ್ರೂ ಕೈಯಾನ ಖಾರ ಹೋಗಂಗಿಲ್ರಿ. ಅರಬಿ ಬದ್ಲಿಸೂದು ಹ್ಯಾಂಗ್ರಿ?" ಬದಲಿಸುವುದಿಲ್ಲ ಎಂಬುದೇ ಅದರ ಉತ್ತರವಾಗಿತ್ತು. ಬೆಳಿಗ್ಗೆ ಕಟ್ಟಿಕೊಂಡದ್ದನ್ನು ಸಂಜೆ ಮನೆಗೆ ಬಂದು, ಕೈಗೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ತೆಗೆಯುತ್ತಿದ್ದಳು. ಹತ್ತು ತಾಸು. ಹೊಲದಲ್ಲಿ ಮರೆಯೂ ಇಲ್ಲ, ನೀರೂ ಇಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕೆಂಪಗೆ ರಾಶಿ ಬಿದ್ದ ಆ ಮೆಣಸಿನಕಾಯಿಯನ್ನು ನೋಡಿದಾಗಲೆಲ್ಲ ನನಗೆ ಆ ದನಿ ಕೇಳುತ್ತದೆ.

ನೀರಿನ ಮಾತೂ ಹೀಗೆಯೇ. ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಕೊಳವೆಬಾವಿ ಕೊರೆದರೆ ಬರುವುದು ಸವಳು ನೀರು. ಮಲಪ್ರಭಾ ಕಾಲುವೆಯಿಂದ ಕೆರೆ ತುಂಬಿಸಿಕೊಂಡು ಅದನ್ನೇ ಕುಡಿಯುವ ಊರುಗಳು ನಮ್ಮವು. ಮನೆಗೆ ಬಂದ ಕೊಡದ ನೀರಿನಲ್ಲಿ ಮೊದಲು ಕುಡಿಯಲು, ಆಮೇಲೆ ಅಡುಗೆಗೆ, ಆಮೇಲೆ ದನಕ್ಕೆ. ಮುಟ್ಟಿನ ಅರಿವೆ ತೊಳೆಯುವ ನೀರು ಆ ಸಾಲಿನ ಕೊನೆಗೆ. ಅದೂ ಯಾರೂ ನೋಡದ ಹೊತ್ತಿನಲ್ಲಿ.

ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿತು. ಮಕ್ಕಳು ಸಾಲಿಗೆ ಬರುವಂತಿಲ್ಲ, ಆದ್ದರಿಂದ ಸಾಲಿಯೇ ಮಕ್ಕಳ ಓಣಿಗೆ ಹೋಗಬೇಕು. ಗಿಡದ ಕೆಳಗೆ, ಸಮುದಾಯ ಭವನದಲ್ಲಿ, ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ದೂರ ದೂರ ಕೂರಿಸಿ ಪಾಠ. ಆ ದಿನಗಳಲ್ಲಿ ಅದಕ್ಕಿಂತ ಒಳ್ಳೆಯದು ನನಗೆ ತೋಚುತ್ತಿರಲಿಲ್ಲ. ಮಾಸ್ಕು ಕಟ್ಟಿಕೊಂಡು ಓಣಿಯಿಂದ ಓಣಿಗೆ ಹೋದ ನನ್ನ ಸಹೋದ್ಯೋಗಿಗಳನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಅವರಲ್ಲಿ ಕೆಲವರು ಅದೇ ರೋಗಕ್ಕೆ ಬಲಿಯಾದರು.

ನನ್ನ ಪಾಲಿಗೆ ಬಂದದ್ದು ಹನುಮಪ್ಪನ ಗುಡಿಯ ಕಟ್ಟೆ. ವಿಶಾಲ ಕಟ್ಟೆ, ಮೇಲೆ ತಗಡಿನ ಚಪ್ಪರ, ಮಳೆ ಬಂದರೂ ತೊಂದರೆ ಇಲ್ಲ. ಎರಡನೇ ವಾರವೋ ಮೂರನೇ ವಾರವೋ, ಏಳನೇತ್ತೆಯ ಒಬ್ಬ ಹುಡುಗಿ ಕಟ್ಟೆಯಿಂದ ಇಪ್ಪತ್ತು ಮಾರು ದೂರ, ಎದುರು ಮನೆಯ ಒರಳುಕಲ್ಲಿನ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಪಾಟೀಚೀಲ, ಕೈಯಲ್ಲಿ ನೋಟುಪುಸ್ತಕ. ನಾನು ಕರೆದೆ. ಬರಲಿಲ್ಲ. ಮತ್ತೆ ಕರೆದೆ. ತಲೆ ತಗ್ಗಿಸಿದಳು. ಕಟ್ಟೆಯ ಮೇಲಿದ್ದ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಹುಡುಗರು ಕಿಸಕ್ಕನೆ ನಕ್ಕರು. ಆಗ ನನಗೆ ತಿಳಿಯಿತು.

ಇಪ್ಪತ್ತಾರು ವರ್ಷ ಮಾಸ್ತರಿಕೆ ಮಾಡಿದ ಹೆಂಗಸು, ಹೆಣ್ಣುಮಕ್ಕಳ ಪಾಠವನ್ನು ಗುಡಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಸಾಲಿಯಲ್ಲಾದರೆ ಮುಟ್ಟಾದವಳೂ ಬೆಂಚಿನ ಮೇಲೆ ಕೂಡುತ್ತಾಳೆ, ಯಾರೂ ಕೇಳುವುದಿಲ್ಲ. ಗುಡಿಯ ಕಟ್ಟೆಯಾದರೆ ಕೂಡುವಂತಿಲ್ಲ. ಕೂಡದಿದ್ದರೆ ಯಾಕೆಂದು ಊರಿಗೆಲ್ಲ ಗೊತ್ತಾಗುತ್ತದೆ. ಹಾಜರಿ ತೆರೆದು ನೋಡಿದೆ. ಆರರಿಂದ ಎಂಟನೇತ್ತೆಯ ಹುಡುಗಿಯರ ಹೆಸರಿನ ಮುಂದೆ ನಾಲ್ಕು ದಿನ, ಐದು ದಿನದ ಗೈರುಹಾಜರಿ, ಒಬ್ಬರಾದ ಮೇಲೆ ಒಬ್ಬರದು, ಸರದಿಯಂತೆ. ಉಳಿದವರು ಮನೆಯಲ್ಲೇ ಉಳಿದಿದ್ದರು. ಈಕೆಗೆ ಪಾಠ ಬಿಡಲು ಮನಸ್ಸಿರಲಿಲ್ಲ, ಅದಕ್ಕೆ ಒರಳುಕಲ್ಲಿನ ಮೇಲೆ ಕುಳಿತು ಗಾಳಿಯಲ್ಲಿ ಬಂದಷ್ಟು ಕೇಳಿ ಬರೆದುಕೊಳ್ಳುತ್ತಿದ್ದಳು. ನಾನು ಹಲಗೆಯ ಮೇಲೆ ಬರೆದ ಭಿನ್ನರಾಶಿ ಅವಳಿಗೆ ಕಾಣುತ್ತಿರಲಿಲ್ಲ. ಆಮೇಲೆ ಅವಳ ಪುಸ್ತಕ ನೋಡಿದೆ. ಮಾತಿನಲ್ಲಿ ಕೇಳಿದ್ದನ್ನು ಮಾತಿನಲ್ಲೇ ಬರೆದಿದ್ದಳು. ಮೂರು ಅಂಶ, ಎಂಟು ಛೇದ.

ಆ ಒರಳುಕಲ್ಲು ಇದ್ದ ಮನೆ ಒಬ್ಬ ಆಯಿಯದು. ಎಪ್ಪತ್ತು ದಾಟಿದಾಕೆ, ಮಗ ಸೊಸೆ ಹುಬ್ಬಳ್ಳಿಯಲ್ಲಿ, ಈಕೆ ಒಬ್ಬಳೇ. ಹೆಸರು ಹೇಳುವುದು ಬೇಡವೆಂದು ಹೇಳಿದ್ದಾರೆ, ಹೇಳುವುದಿಲ್ಲ. ಅಂದು ಪಾಠ ಮುಗಿದ ಮೇಲೆ ನನ್ನನ್ನು ಕರೆದು ಚಹಾ ಕೊಟ್ಟು ಕೇಳಿದರು: "ಅಕ್ಕೋರ, ಆ ಕೂಸು ಕಲ್ಲಿನ ಮ್ಯಾಲ ಯಾಕ ಕುಂದರತೈತ್ರಿ?" ನಾನು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸೋಮವಾರ ಸಂಜೆ ನಾಲ್ಕು ಮಂದಿ ಹೆಂಗಸರನ್ನು ಕೂರಿಸಿಕೊಂಡು ವಚನ ಹಾಡುವ ಜೀವ ಅದು. "ಶರಣರು ಸೂತಕ ಇಲ್ಲಂತ ಹೇಳಿ ಹೋಗ್ಯಾರ. ನಾವ್ ಬಾಯಿಲೆ ಹಾಡತೀವಿ, ಕೂಸಿನ್ನ ಕಲ್ಲಿನ ಮ್ಯಾಲ ಕುಂದರಸತೀವಿ. ನಾಳಿಂದ ನನ್ನ ಅಂಗಳಕ್ಕ ತೊಗೊಂಡ ಬರ್ರಿ ಸಾಲಿ."

ಇಲ್ಲಿ ಒಂದು ಮಾತು ಹೇಳಬೇಕು. ಹನ್ನೆರಡನೇ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ಮುಟ್ಟಿನ ಸೂತಕವೂ ಒಂದು. ರಜಸ್ಸೂತಕ ಎಂದು ಅದರ ಹೆಸರು. ಜಾತಿಯ ಸೂತಕ, ಎಂಜಲಿನ ಸೂತಕ, ಹುಟ್ಟು ಸಾವಿನ ಸೂತಕ, ಇವುಗಳ ಸಾಲಿನಲ್ಲೇ ಅದನ್ನೂ ಇಟ್ಟು ಇದಾವುದೂ ಇಲ್ಲ ಎಂದರು. ಹೊರಗಿನಿಂದ ಬಂದ ಹೊಸ ವಿಚಾರ ಎಂದು ಮುಟ್ಟಿನ ಮಾತಿಗೆ ಮುಖ ತಿರುಗಿಸುವವರು ನಮ್ಮ ಸೀಮೆಯಲ್ಲೇ ಇದ್ದಾರೆ. ಎಂಟು ನೂರು ವರ್ಷದ ಹಿಂದಿನ ನಮ್ಮ ಮನೆಯ ಮಾತು ಇದು. ಆ ಆಯಿಗೆ ಯಾವ ಇಲಾಖೆಯ ತರಬೇತಿಯೂ ಬೇಕಾಗಲಿಲ್ಲ.

ಮರುದಿನ ಪಾಠ ಆಯಿಯ ಅಂಗಳಕ್ಕೆ ಬಂತು, ಬೇವಿನ ಗಿಡದ ಕೆಳಗೆ. ಹಿಂದೆ ಪಾಯಖಾನೆ ಇತ್ತು, ಒಳಗಿದ್ದ ಕಟ್ಟಿಗೆಯನ್ನು ಹುಡುಗರೇ ಹೊರಗೆ ಹಾಕಿದರು. ಯಾಕೆಂದು ಅವರಿಗೂ ಹೇಳಿದೆ. ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಬಗ್ಗೆ ಒಂದು ಪಾಠವಿದೆ. ಬಹಳ ಸಾಲಿಗಳಲ್ಲಿ ಆ ಪಾಠ ಬಂದಾಗ "ಮನ್ಯಾಗ ಓದ್ಕೋರಿ" ಎಂದು ಪುಟ ಮಗುಚುತ್ತಾರೆ. ನಾನೂ ಮಗುಚಿದ್ದೇನೆ, ಮೊದಲ ಕೆಲವು ವರ್ಷ. ಆ ಸೆಪ್ಟೆಂಬರ್‌ನಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಪಾಠ ಮಾಡಿದೆ. ಅಂದು ನಕ್ಕವರಲ್ಲೇ ಒಬ್ಬ ಹುಡುಗ ಕೊನೆಗೆ ಕೇಳಿದ: "ಹಂಗಾರ ನಮ್ಮ ಅಕ್ಕಗ ಬ್ಯಾನಿ ಆಗತೈತೇನ್ರಿ?" ಬೇನೆ ಆಗುತ್ತದೆ, ಬಿಸಿನೀರಿನ ಕಾವು ಕೊಟ್ಟರೆ ಕಡಿಮೆಯಾಗುತ್ತದೆ, ನೀರು ಕಾಸಿ ಕೊಡು ಎಂದೆ. ತಲೆಯಾಡಿಸಿದ.

ಟ್ರಂಕು ಬಂದದ್ದು ಆಮೇಲೆ. ಆಯಿಯ ಮದುವೆಯಲ್ಲಿ ತವರಿನಿಂದ ಬಂದ ತಗಡಿನ ಟ್ರಂಕು, ಮೇಲೆ ಹೂವಿನ ಚಿತ್ರ ಅರೆಬರೆ ಉಳಿದಿದೆ. ಅದನ್ನು ಪಡಸಾಲೆಯ ಮೂಲೆಯಲ್ಲಿ ಇಟ್ಟೆವು. ಮೊದಲ ತಿಂಗಳು ನಾನು ನವಲಗುಂದದಿಂದ ಎರಡು ಡಜನ್ ಪೊಟ್ಟಣ ತಂದೆ. ಅದನ್ನು ಎಷ್ಟು ತಿಂಗಳು ನಡೆಸಲಾದೀತು? ಊರಿನ ಸ್ತ್ರೀಶಕ್ತಿ ಸಂಘದವರು ಕೂಡಿದರು. ಹೊಲಿಗೆ ಯಂತ್ರವಿದ್ದ ಒಬ್ಬಾಕೆ, ಹಳೆಯ ಇಳಕಲ್ ಸೀರೆಗಳ ಮೈ, ಅಂದರೆ ಸೆರಗು, ಅಂಚು ಬಿಟ್ಟು ಉಳಿದ ಹತ್ತಿಯ ಭಾಗ, ಅದನ್ನು ಮಡಿಚಿ ನಾಲ್ಕೈದು ಪದರದ ಪಟ್ಟಿ ಹೊಲಿದು ಎರಡು ಬದಿಗೆ ಗುಂಡಿ ಹಚ್ಚಿ ಕೊಟ್ಟಳು. ಇಪ್ಪತ್ತು ಸಲ ಒಗೆದ ಇಳಕಲ್ ಸೀರೆಯಷ್ಟು ಮೆತ್ತನೆಯ ಅರಿವೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಟ್ರಂಕಿನಲ್ಲಿ ಅವು, ಕೆಲವು ಪ್ಯಾಡಿನ ಪೊಟ್ಟಣ, ಸಾಬೂನು, ಒಳ ಉಡುಪು, ಒಂದು ನೋಟುಪುಸ್ತಕ. ತೆಗೆದುಕೊಂಡವರು ಹೆಸರು ಬರೆಯಬೇಕಾಗಿಲ್ಲ. ಒಂದು ಗೆರೆ ಎಳೆದರೆ ಸಾಕು. ತಿಂಗಳ ಕೊನೆಗೆ ಗೆರೆ ಎಣಿಸಿ ಮತ್ತೆ ತುಂಬುತ್ತಿದ್ದೆವು.

ಅರಿವೆ ಕೆಟ್ಟದ್ದು, ಪ್ಯಾಡು ಒಳ್ಳೆಯದು ಎಂದು ಒಂದೇ ಉಸಿರಿಗೆ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಶುದ್ಧ ಹತ್ತಿಯ ಅರಿವೆಯನ್ನು ತಣ್ಣೀರಲ್ಲಿ ನೆನೆಸಿ, ಸಾಬೂನು ಹಚ್ಚಿ ಒಗೆದು, ಚುರುಗುಟ್ಟುವ ಬಿಸಿಲಿಗೆ ಪೂರ್ತಿ ಒಣಗಿಸಿದರೆ ಏನೂ ತೊಂದರೆ ಇಲ್ಲ. ತೊಂದರೆ ಬರುವುದು ಬಿಸಿಲು ಕಾಣದ ಅರಿವೆಯಿಂದ. ಪೆಟ್ಟಿಗೆಯ ಹಿಂದೆ, ಹಾಸಿಗೆಯ ಕೆಳಗೆ, ಇನ್ನೊಂದು ಸೀರೆಯ ಅಡಿಯಲ್ಲಿ ಹಸಿಹಸಿಯಾಗಿ ಒಣಗಿದ ಅರಿವೆಯಿಂದ ತುರಿಕೆ, ಬಿಳಿ ಮುಟ್ಟು, ಸೋಂಕು. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಆ ಅರಿವೆಗೆ ಮಾತ್ರ ಬಿಸಿಲಿಲ್ಲ. ಆಯಿಯ ಹಿತ್ತಲಿನಲ್ಲಿ ಒಂದು ಹಗ್ಗ ಕಟ್ಟಿದೆವು. ಮೊದಲ ಎರಡು ವಾರ ಅದು ಖಾಲಿ ಇತ್ತು. ಮೂರನೇ ವಾರ ಆಯಿಯೇ ತಮ್ಮ ಹಳೆಯ ಸೀರೆಯ ನಾಲ್ಕು ತುಂಡು ತೊಳೆದು ಮೊದಲು ಹಾಕಿದರು. ಎಪ್ಪತ್ತು ದಾಟಿದ ಆಕೆಗೆ ಅದರ ಅಗತ್ಯ ಏನಿತ್ತು? ಮರುದಿನದಿಂದ ಹಗ್ಗ ತುಂಬತೊಡಗಿತು.

ಅಕ್ಟೋಬರ್ ಎರಡನೇ ವಾರದಲ್ಲಿ ವಿದ್ಯಾಗಮ ನಿಂತಿತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಹಲವು ಕಡೆಯಿಂದ ಬಂದಿತ್ತು, ನಿಲ್ಲಿಸಿದ್ದು ಸರಿಯೇ. ನಾನೂ ಧಾರವಾಡದ ಮನೆಯಲ್ಲಿ ಕುಳಿತೆ. ಟ್ರಂಕು ಮಾತ್ರ ನಿಲ್ಲಲಿಲ್ಲ. ಹುಡುಗಿಯರು ನೀರಿಗೆ ಹೋಗುವಾಗ ಕೊಡ ಇಳಿಸಿ ಒಳಗೆ ಬಂದು ಹೋಗುತ್ತಿದ್ದರು. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆ ಅಲ್ಲಿಗೇ ಬಂದು ನೀಲಿ ಗುಳಿಗೆ ಕೊಡುತ್ತಿದ್ದಳು.

ಆಕೆಯ ಬಗ್ಗೆಯೂ ಹೇಳಬೇಕು. ಸಾಲಿ ಮುಚ್ಚಿದ ಮೇಲೆ ಹುಡುಗಿಯರ ಆರೋಗ್ಯದ ಒಂದೇ ಎಳೆ ಉಳಿದದ್ದು ಆಶಾ ಕಾರ್ಯಕರ್ತೆಯರ ಕೈಯಲ್ಲಿ. ಬೆಂಗಳೂರಿನಿಂದ, ಪುಣೆಯಿಂದ, ಗೋವೆಯಿಂದ ಬಂದವರ ಮನೆಮನೆಗೆ ಹೋಗಿ ಜ್ವರ ನೋಡುವುದು, ಕೈಗೆ ಕ್ವಾರಂಟೈನ್ ಮುದ್ರೆ ಹಾಕುವುದು, ಬೈಗುಳ ಕೇಳುವುದು, ಎಲ್ಲ ಅವರ ತಲೆಯ ಮೇಲೆ. 2020ರ ಜುಲೈ 10ರಂದು ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮುಷ್ಕರಕ್ಕೆ ಇಳಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮಾಸ್ಕು, ಕೈಗವಸು ಕೊಡಿ ಎಂದು. ತನ್ನ ಮಾಸ್ಕಿಗೇ ಬೀದಿಗೆ ಬರಬೇಕಾದವಳು ಹುಡುಗಿಯ ಪ್ಯಾಡಿನ ಮಾತನ್ನು ಯಾರ ಹತ್ತಿರ ಎತ್ತಬೇಕು? ಶುಚಿ ಪೊಟ್ಟಣ ಆ ಕಾಲದಲ್ಲಿ ನಿಂತದ್ದು ಮತ್ತೆ ಶುರುವಾಗಲು 2024 ಬರಬೇಕಾಯಿತು. ನಡುವೆ ಹೈಕೋರ್ಟು ಕೂಡ ಸರ್ಕಾರವನ್ನು ಕೇಳಿತು. ಆ ವರ್ಷಗಳಲ್ಲಿ ಆರನೇತ್ತೆಯಲ್ಲಿದ್ದ ಹುಡುಗಿ ಒಂದು ಪೊಟ್ಟಣವನ್ನೂ ಕಾಣದೆ ಹತ್ತನೇತ್ತೆ ಮುಟ್ಟಿದ್ದಾಳೆ.

ರಕ್ತದ ಮಾತಿಗೆ ಬರುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆ ನಮ್ಮ ರಾಜ್ಯದಲ್ಲಿ 2019ರಲ್ಲಿ, ಅಂದರೆ ಕೊರೊನಾಕ್ಕೆ ತುಸು ಮೊದಲು ನಡೆಯಿತು. ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು, ಎರಡು ಮೂರು ದೊಡ್ಡ ಚಮಚದಷ್ಟು. 80 ದಾಟಿದರೆ ಹೆಚ್ಚು. ಏಳು ದಿನಕ್ಕಿಂತ ಹೆಚ್ಚು ಹೋದರೆ, ತಾಸಿಗೊಂದು ಅರಿವೆ ಒದ್ದೆಯಾದರೆ, ಹದಿನೈದು ದಾಟಿದರೂ ಮುಟ್ಟು ಶುರುವಾಗದಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ. ಮೊದಲ ಒಂದೆರಡು ವರ್ಷ ದಿನ ಹಿಂದೆ ಮುಂದೆ ಆಗುವುದು ಸಹಜ, ಅದಕ್ಕೆ ಹೆದರಬೇಡಿ, ಹರಕೆ ಹೊರಬೇಡಿ. ನೀಲಿ ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಅದೂ ಸಹಜ. ಅದಕ್ಕೆ ಹೆದರಿಯೇ ಎಷ್ಟೋ ಮಕ್ಕಳು ಗುಳಿಗೆಯನ್ನು ಕಿಟಕಿಯಾಚೆ ಎಸೆಯುತ್ತಾರೆ. ಊಟವಾದ ಮೇಲೆ ನುಂಗಿಸಿ, ಚಹಾದ ಜೊತೆ ಬೇಡ.

ಕಲಘಟಗಿ ಕಡೆಯ ಮಾತು ಬೇರೆ. ಅದು ಮಲೆನಾಡಿನ ಸೆರಗು. ಕಾಡಿನ ಅಂಚಿನ ಗೌಳಿದಡ್ಡಿಗಳಲ್ಲಿ ಫೋನಿನ ಸಿಗ್ನಲ್ ಸಿಗಬೇಕಾದರೆ ದಿಬ್ಬ ಹತ್ತಬೇಕು. ಅಲ್ಲಿ ನಾನು ಕಲಿಸಿದ ಮಕ್ಕಳನ್ನು ಆ ವರ್ಷ ಸಂಪರ್ಕಿಸಲು ಆಗಲೇ ಇಲ್ಲ. ಒಬ್ಬಳ ಸುದ್ದಿ ಮಾತ್ರ ಬಂತು, ಅದು ಮದುವೆಯ ಸುದ್ದಿ. ಹದಿನಾರು ತುಂಬಿರಲಿಲ್ಲ. ಕಡಿಮೆ ಖರ್ಚಿನಲ್ಲಿ, ಐವತ್ತು ಮಂದಿಯಲ್ಲಿ ಮುಗಿಯುತ್ತದೆ ಎಂದು ಆ ವರ್ಷ ಎಷ್ಟೋ ಮನೆಯವರು ಲೆಕ್ಕ ಹಾಕಿದರು. ಸಾಲಿಗೆ ಹೋಗುವ ಹುಡುಗಿ ಹುಡುಗಿ. ಸಾಲಿ ಇಲ್ಲದೆ ಮನೆಯಲ್ಲಿ ಕುಳಿತ ದೊಡ್ಡಾಕಿ, ಮದುವೆಗೆ ಬಂದ ಹೆಣ್ಣು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರುವಾಸಿ, ಅರಗಿನ ಬಣ್ಣದಲ್ಲಿ ಪುರಾಣದ ಕಥೆ ಬರೆದ ಅಂಥ ಚೆಂದದ ತೊಟ್ಟಿಲು ಬೇರೆಲ್ಲೂ ಇಲ್ಲ. ಹದಿನೇಳನೇ ವರ್ಷಕ್ಕೆ ಆ ಹುಡುಗಿಯ ಮನೆಯಲ್ಲಿ ತೊಟ್ಟಿಲು ತೂಗಿತು ಎಂದು ಕೇಳಿದಾಗ ನಾನು ಸಂತೋಷಪಡಲಾರದೆ ಹೋದೆ. ಬಾಲ್ಯವಿವಾಹ ತಡೆ ಕಾನೂನಿಗೆ ನಮ್ಮ ರಾಜ್ಯ 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದರೆ ತಡೆಯಬಹುದು. ಫೋನು ಮಾಡುತ್ತಿದ್ದವರು ಹೆಚ್ಚಾಗಿ ಹುಡುಗಿಯ ಗೆಳತಿಯರು, ಸಾಲಿಯಿಂದ. ಆ ವರ್ಷ ಗೆಳತಿಯರೂ ಚದುರಿಹೋಗಿದ್ದರು.

ದೂರದ ಒಂದು ದೇಶದ ಮಾತು ಹೇಳುತ್ತೇನೆ. ಆಫ್ರಿಕದ ಸಿಯೆರಾ ಲಿಯೋನ್. 2014ರಲ್ಲಿ ಅಲ್ಲಿ ಎಬೋಲಾ ರೋಗ ಬಂದು ಶಾಲೆಗಳು ಒಂದು ಶಾಲಾ ವರ್ಷದಷ್ಟು ಮುಚ್ಚಿದವು. ತೆರೆಯುವ ಹೊತ್ತಿಗೆ ಸಾವಿರಾರು ಹುಡುಗಿಯರು ಬಸಿರಾಗಿದ್ದರು. ಅಲ್ಲಿನ ಸರ್ಕಾರ 2015ರಲ್ಲಿ, ಬಸಿರಾದ ಹುಡುಗಿಯರು ಶಾಲೆಗೆ ಬರಕೂಡದು ಎಂದು ಆಜ್ಞೆ ಮಾಡಿತು. ಆ ಆಜ್ಞೆಯನ್ನು ಹಿಂತೆಗೆದುಕೊಂಡದ್ದು 2020ರ ಮಾರ್ಚ್ ಕೊನೆಗೆ, ನಮ್ಮಲ್ಲಿ ದಿಗ್ಬಂಧನ ಶುರುವಾದ ಅದೇ ದಿನಗಳಲ್ಲಿ. ಅಲ್ಲಿ ಇನ್ನೊಂದು ಸಂಗತಿಯೂ ನಡೆದಿತ್ತು. ಬ್ರಾಕ್ ಎಂಬ ಬಾಂಗ್ಲಾದೇಶದ ಸಂಸ್ಥೆ ಕೆಲವು ಹಳ್ಳಿಗಳಲ್ಲಿ ಹುಡುಗಿಯರು ಕೂಡಿ ಕುಳಿತುಕೊಳ್ಳಲು ಒಂದೊಂದು ಮನೆ ಗೊತ್ತು ಮಾಡಿತ್ತು. ಆಟ, ಮಾತು, ಸ್ವಲ್ಪ ಕೈಕೆಲಸ, ಮೈಯ ಬಗ್ಗೆ ತಿಳಿವಳಿಕೆ. ಆಮೇಲೆ ಅರ್ಥಶಾಸ್ತ್ರಜ್ಞರು ಹೋಗಿ ನೋಡಿದರೆ, ರೋಗದ ಹೊಡೆತ ಜೋರಾಗಿದ್ದ ಊರುಗಳಲ್ಲಿ ಅಂಥ ಮನೆ ಇದ್ದ ಕಡೆ ಹುಡುಗಿಯರು ಶಾಲೆಗೆ ಮರಳಿದ್ದು ಹೆಚ್ಚು, ಇಲ್ಲದ ಕಡೆ ಕಡಿಮೆ. ನಾನು ಇದನ್ನು ಓದಿದ್ದು ನಿವೃತ್ತಿಯಾದ ಮೇಲೆ. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆಯಿಯ ಪಡಸಾಲೆ.

ಆದ್ದರಿಂದ ಪಂಚಾಯಿತಿಯವರಿಗೆ ನನ್ನದೊಂದು ಬೇಡಿಕೆ. ಸಾಲಿ ಮುಚ್ಚುವುದು ಕೊರೊನಾದಿಂದ ಮಾತ್ರವಲ್ಲ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಬಂದಾಗಲೂ ನಮ್ಮ ಸಾಲಿಗಳು ಮುಚ್ಚಿದ್ದವು. ಗಂಜಿ ಕೇಂದ್ರದಲ್ಲಿ ಅಕ್ಕಿ, ಬೇಳೆ, ಚಾದರ ಎಲ್ಲ ಬಂತು, ಪ್ಯಾಡು ಬೇಕೆಂದು ಬಾಯಿಬಿಟ್ಟು ಕೇಳುವವರಿರಲಿಲ್ಲ. ಪ್ರತಿ ಊರಿನಲ್ಲೂ ಒಂದು ಮನೆಯನ್ನು ಮೊದಲೇ ಗುರುತು ಮಾಡಿ ಇಡಿ. ಗುಡಿ ಬೇಡ, ಮಸೀದಿ ಬೇಡ, ಪಂಚಾಯಿತಿ ಕಚೇರಿಯೂ ಬೇಡ. ಎಲ್ಲ ಓಣಿಯ ಹುಡುಗಿಯರೂ ಹೊಸ್ತಿಲು ದಾಟಬಹುದಾದ ಮನೆ. ಈ ಷರತ್ತು ಸಣ್ಣದಲ್ಲ. ನಮ್ಮೂರಲ್ಲೇ ಕೆಳಗಿನ ಓಣಿಯ ಇಬ್ಬರು ಹುಡುಗಿಯರು ಮೊದಲ ತಿಂಗಳು ಆಯಿಯ ಅಂಗಳದವರೆಗೆ ಬಂದು, ಪಡಸಾಲೆ ಹತ್ತದೆ ನಿಂತಿದ್ದರು. ಆಯಿ ಒಳಗಿನಿಂದ ಕೂಗಿದರು: "ಟ್ರಂಕ ಒಳಗೈತಿ, ಬರ್ರಿ ಯವ್ವಾ, ನನ್ನ ಮೊಣಕಾಲಿಗೆ ಎದ್ದು ಬರಾಕ ಆಗಂಗಿಲ್ಲ." ಆಕೆಯ ಮೊಣಕಾಲು ಚೆನ್ನಾಗಿಯೇ ಇತ್ತು.

ತಂದೆಯರಿಗೂ ಒಂದು ಮಾತು. ಸಂತೆಯಿಂದ ಉಳ್ಳಾಗಡ್ಡಿ, ಎಣ್ಣೆ ತರುವಾಗ ಒಂದು ಪೊಟ್ಟಣ ತನ್ನಿ. ಕರಿ ಚೀಲದಲ್ಲಿ ಸುತ್ತಿಸಬೇಡಿ. ನಮ್ಮೂರಲ್ಲಿ ಹಾಗೆ ತಂದ ಮೊದಲ ಅಪ್ಪ, ಆ ಒರಳುಕಲ್ಲಿನ ಹುಡುಗಿಯ ಅಪ್ಪ. ಟ್ರ್ಯಾಕ್ಟರ್ ಓಡಿಸುವವ. ಅಂಗಡಿಯವ ಕಾಗದ ಸುತ್ತಲು ಹೋದಾಗ "ಇರಲಿ ಬಿಡು, ಬಿಸ್ಕೀಟ್ ಪುಡಾಕ ಸುತ್ತತೀಯೇನು?" ಅಂದನಂತೆ. ಕಟ್ಟೆಯ ಮೇಲಿನ ಹುಡುಗರು ನಗಲಿಲ್ಲವಂತೆ.

2021ರ ಜನವರಿ 1ರಿಂದ ವಿದ್ಯಾಗಮ ಸಾಲಿಯ ಆವರಣದಲ್ಲೇ ಶುರುವಾಯಿತು, ಫೆಬ್ರವರಿಯಲ್ಲಿ ಪೂರ್ಣ ತರಗತಿ. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಬೀಗ. ಆರರಿಂದ ಎಂಟನೇ ತರಗತಿಯ ಮಕ್ಕಳು ಮತ್ತೆ ಸಾಲಿಗೆ ಬಂದದ್ದು ಸೆಪ್ಟೆಂಬರ್ 6ಕ್ಕೆ. ಅಂದು ಬೆಳಿಗ್ಗೆ ಹಾಜರಿ ಕೂಗಿದೆ. ಮೇಲಿನ ತರಗತಿಗೆ ಹೋದವರನ್ನೂ ಲೆಕ್ಕಕ್ಕೆ ಹಿಡಿದರೆ, ಆ ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಹುಡುಗಿಯರು ಸಾಲಿಗೆ ಮರಳಿದ್ದರು. ಒಬ್ಬಳು ಅಪ್ಪ ಅವ್ವನ ಜೊತೆ ಗೋವೆಗೆ ದುಡಿಯಲು ಹೋಗಿದ್ದಳು. ಇನ್ನೊಬ್ಬಳ ಸುದ್ದಿ ಈಗಲೂ ಹುಡುಕುತ್ತಿದ್ದೇನೆ.

ಸಂಜೆ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಟ್ರಂಕು ತರಲು ಹೋದೆ, ಇನ್ನು ಸಾಲಿಯಲ್ಲೇ ಇಡೋಣ ಎಂದು. ಆಯಿ ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದರು. "ಸಾಲಿ ಐತವಾರ ಮುಚ್ಚತೈತಿ, ಹಬ್ಬಕ್ಕ ಮುಚ್ಚತೈತಿ. ಇಲ್ಲೇ ಇರಲಿ ಬಿಡ್ರಿ ಅಕ್ಕೋರ," ಎಂದರು. ನೋಟುಪುಸ್ತಕ ತೆಗೆದು ನೋಡಿದೆ. ಗೆರೆಗಳ ನಡುವೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ಸಾಬೂನು ತೀರೈತಿ. ಮರುದಿನ ನಾಲ್ಕು ಸಾಬೂನು ತಂದು ಹಾಕಿದೆ.